ತೆರಿಗೆ ಕಟ್ಟಲು ನಮ್ಮದು, ಕಾಲಿಡಲು ಬಿಲ್ಡರನದು

ಆಸ್ತಿ ತೆರಿಗೆಯ ನಿಗದಿ ಮತ್ತು ವಸೂಲಿ ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂತು ನಡೆಸುವ ಮಾನ್ಯ ಅಧಿಕಾರಿಗಳೇ,

ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ನೀವು ಬೀಗ ಜಡಿದು ಅರಗಿನ ಮುದ್ರೆ ಒತ್ತಿ ಇವತ್ತಿಗೆ ನಾಲ್ಕು ತಿಂಗಳು ಹನ್ನೊಂದು ದಿನವಾಯಿತು. ಅದು ಬಿಲ್ಡರನ ಆಸ್ತಿ, ಬಿಲ್ಡರ್ ತೆರಿಗೆ ಕಟ್ಟಿಲ್ಲ, ಆದ್ದರಿಂದ ಜಪ್ತಿ ಮಾಡಲಾಗಿದೆ ಎಂದು ಬಾಗಿಲಿಗೆ ಅಂಟಿಸಿದ ಕಾಗದ ಹೇಳುತ್ತದೆ. ಅದೇ ಭವನ ನಿವಾಸಿಗಳ ಸ್ವಾಧೀನದಲ್ಲಿದೆ, ಆದ್ದರಿಂದ ಹನ್ನೊಂದು ವರ್ಷದ ತೆರಿಗೆಯನ್ನು ಎಂಬತ್ತನಾಲ್ಕು ಮನೆಯವರೂ ಹಂಚಿಕೊಂಡು ಕಟ್ಟತಕ್ಕದ್ದು ಎಂದು ನಮ್ಮ ಮನೆಗಳಿಗೆ ಬಂದ ಕಾಗದ ಹೇಳುತ್ತದೆ. ಎರಡರ ಕೆಳಗೂ ನಿಮ್ಮದೇ ಸಹಿ, ಎರಡರ ಮೇಲೂ ಒಂದೇ ತಾರೀಕು. ರವಾನೆ ಸಂಖ್ಯೆ ಒಂದಕ್ಕೆ ನಾಲ್ಕು ಸಾವಿರದ ನೂರಾ ಹದಿನೇಳು, ಇನ್ನೊಂದಕ್ಕೆ ನೂರಾ ಹದಿನೆಂಟು. ನಾನು ನಲವತ್ತು ವರ್ಷ ಪುಸ್ತಕ ಬೈಂಡ್ ಮಾಡಿದವನು, ಕಾಗದ ಮುಟ್ಟಿದರೆ ಅದರ ಕುಲಗೋತ್ರ ಹೇಳಬಲ್ಲೆ. ಇವೆರಡೂ ಒಂದೇ ಕಟ್ಟಿನಿಂದ ಒಂದರ ಹಿಂದೆ ಒಂದು ಎಳೆದ ಹಾಳೆಗಳು. ಒಂದಕ್ಕೆ ಸಹಿ ಹಾಕಿ ಇನ್ನೊಂದಕ್ಕೆ ಹಾಕುವ ನಡುವೆ ನೀವು ಒಂದು ಲೋಟ ನೀರು ಕುಡಿಯಲೂ ಎದ್ದಿಲ್ಲ. ಅಷ್ಟರಲ್ಲಿ ಭವನದ ಮಾಲೀಕರು ಹೇಗೆ ಬದಲಾದರು ಎಂದು ಕೇಳಲು ಈ ಪತ್ರ.

ನಿಮ್ಮ ಗುಮಾಸ್ತರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಎರಡರಲ್ಲಿ ಒಂದು ನಿಲ್ಲುತ್ತಲ್ಲ ಸಾರ್, ಅದಕ್ಕೇ ಎರಡೂ ಕಳಿಸಿದೀವಿ" ಎಂದರು. ನಿಲ್ಲದೆ ಹೋದ ಇನ್ನೊಂದರ ಗತಿ ಏನು ಎಂದೆ. "ಅದನ್ನ ಆಮೇಲೆ ರದ್ದು ಮಾಡ್ತೀವಿ" ಎಂದರು. ಆಮೇಲೆ ಎಂದರೆ ಯಾವಾಗ ಎಂದು ಕೇಳಿದ್ದಕ್ಕೆ ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಅದು ಹೋದ ವರ್ಷದ್ದಾಗಿತ್ತು.

ಬಿಲ್ಡರ್ ಯಾರೆಂದು ನಿಮಗೆ ಗೊತ್ತು, ಪತ್ರಿಕೆಯಲ್ಲಿ ಇದನ್ನು ಓದುವವರಿಗೆ ಗೊತ್ತಿಲ್ಲ. ನಮ್ಮಲ್ಲಿ ಅವರಿಗೆ ಬ್ರೋಷರ್ ಸಾಹೇಬರು ಎಂದೇ ಹೆಸರು. ಮನೆ ಮಾರುವಾಗ ಅವರು ಕೊಟ್ಟ ಬ್ರೋಷರ್‌ನಷ್ಟು ದಪ್ಪ, ನುಣುಪು, ಹೊಳಪಿನ ಕಾಗದವನ್ನು ನಾನು ಮದುವೆ ಆಮಂತ್ರಣಗಳಲ್ಲೂ ಕಂಡಿಲ್ಲ. ಅದರಲ್ಲಿ ಕೊಳವಿತ್ತು, ಕೊಳದಲ್ಲಿ ಬಾತುಕೋಳಿ ಇತ್ತು, ದಡದಲ್ಲಿ ಹಲ್ಲು ಬಿಟ್ಟುಕೊಂಡು ನಗುವ ಒಂದು ಸಂಸಾರವಿತ್ತು. ಕೊಳ ಬರಲಿಲ್ಲ. ಭವನ ಮಾತ್ರ ನಿಜವಾಗಿ ಬಂತು, ಅದೂ ಚೆನ್ನಾಗಿಯೇ ಬಂತು. ಆ ಮಟ್ಟಿಗೆ ಅವರನ್ನು ಹೊಗಳಬೇಕು. ಎರಡು ಕೋಣೆ, ಒಂದು ದೊಡ್ಡ ಹಜಾರ, ಹಜಾರದ ಪಕ್ಕದಲ್ಲಿ ಉದ್ದನೆಯ ಒಂದು ಮೊಗಸಾಲೆ, ಅದರ ಗೋಡೆಗುಂಟ ಹಿಡಿದು ನಡೆಯಲು ಮರದ ಕಂಬಿ. ಇದನ್ನೆಲ್ಲ ನೋಂದಣಿ ಮಾಡಿಸಿ ನಿವಾಸಿಗಳ ಸಂಘಕ್ಕೆ ಹಸ್ತಾಂತರಿಸುತ್ತೇನೆ ಎಂದು ಅವರು ಬರೆದುಕೊಟ್ಟಿದ್ದರು. ಮೊದಲ ವರ್ಷ ತಮ್ಮ ಕಾವಲುಗಾರನನ್ನು ಇಟ್ಟಿದ್ದರು. ವರ್ಷ ತುಂಬಿದ ದಿನ ಕಾವಲುಗಾರ ಬೀಗದ ಕೈಯನ್ನು ನಮ್ಮ ಸಂಘದ ಕಾರ್ಯದರ್ಶಿಯ ಕಿಟಕಿಯಲ್ಲಿಟ್ಟು ಹೋದ. ಹಸ್ತಾಂತರ ಎಂಬುದು ನಡೆದಿದ್ದರೆ ಅಷ್ಟೇ ನಡೆದದ್ದು. ನೋಂದಣಿಯೂ ಇಲ್ಲ, ತೆರಿಗೆಯೂ ಇಲ್ಲ, ಸಾಹೇಬರೂ ಇಲ್ಲ.

ಅಲ್ಲಿಂದ ನಮ್ಮ ತಪ್ಪು ಶುರುವಾಗುತ್ತದೆ. ತಪ್ಪು ಏನೆಂದರೆ, ನಾವು ಕಸ ಗುಡಿಸಿದೆವು.

ಕಾರ್ಯದರ್ಶಿಯವರು ನಿವೃತ್ತ ಭೂಗೋಳದ ಮೇಷ್ಟ್ರು. ಭೂಪಟ ಸುರುಳಿ ಸುತ್ತಿಡದೆ ತರಗತಿ ಬಿಟ್ಟವರಲ್ಲ. ಅವರು ಒಂದು ಸರದಿ ಮಾಡಿದರು: ಮನೆ ನಂಬರಿನ ಪ್ರಕಾರ ಒಂದೊಂದು ಮನೆಗೆ ಒಂದೊಂದು ವಾರ. ಆ ವಾರ ಆ ಮನೆಯವರು ಭವನ ಗುಡಿಸಿ, ಒರೆಸಿ, ಕೆಟ್ಟದ್ದನ್ನು ರಿಪೇರಿ ಮಾಡಿಸಿ, ಭಾನುವಾರ ಸಂಜೆ ಬೀಗದ ಕೈಯನ್ನು ಮುಂದಿನ ಮನೆಗೆ ಒಪ್ಪಿಸಬೇಕು. ಏನೇನು ಮಾಡಿದೆವು ಎಂದು ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಪುಸ್ತಕ ನಾನೇ ಮಾಡಿಕೊಟ್ಟೆ. ಕೆಂಪು ರೆಕ್ಸಿನ್ ರಟ್ಟು, ಬೆನ್ನಿಗೆ ಚಿನ್ನದ ಅಕ್ಷರ, ಒಳಗಿನ ಹೊಲಿಗೆ ನನ್ನ ಹೆಂಡತಿಯದು. ನಮ್ಮ ಅಂಗಡಿಯಲ್ಲಿ ರಟ್ಟು ನನ್ನದು, ಸೂಜಿ ಅವಳದು. ಮದುವೆಯಾದ ಲಾಗಾಯ್ತು ಹಾಗೇ ನಡೆದುಕೊಂಡು ಬಂದಿತ್ತು.

ಜನರ ಸ್ವಭಾವ ನೋಡಿ. ಮೊದಮೊದಲು "ಗುಡಿಸಿದೆ" ಎಂದು ಒಂದು ಸಾಲು ಗೀಚುತ್ತಿದ್ದವರು ವರ್ಷ ಕಳೆಯುವುದರಲ್ಲಿ ಪೈಪೋಟಿಗೆ ಬಿದ್ದರು. ಹದಿನೇಳನೇ ಮನೆಯವರು ಕಿಟಕಿ ಒರೆಸಿದೆ ಎಂದು ಬರೆದರೆ, ಹದಿನೆಂಟನೆಯವರು ಕಿಟಕಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಒರೆಸಿದೆ ಎಂದು ಬರೆದರು. ಒಬ್ಬ ಪುಣ್ಯಾತ್ಮ ತಾನು ಹಿಡಿದ ಇಲಿಯ ಉದ್ದ ಅಗಲವನ್ನೂ ನಮೂದಿಸಿದ. ಐನೂರಕ್ಕೂ ಹೆಚ್ಚು ವಾರ, ಎರಡು ದಪ್ಪ ಸಂಪುಟ. ನಲವತ್ತು ವರ್ಷದಲ್ಲಿ ನಾನು ಎಷ್ಟೋ ಪಂಡಿತರ ಗ್ರಂಥಗಳನ್ನು ಬೈಂಡ್ ಮಾಡಿದ್ದೇನೆ, ಇದರಷ್ಟು ಅಕ್ಕರೆಯಿಂದ ಯಾವುದನ್ನೂ ಮಾಡಿಲ್ಲ.

ಹೀಗಿರುವಾಗ ನಿಮ್ಮ ಇನ್ಸ್‌ಪೆಕ್ಟರ್ ಬಂದರು. ಭವನವನ್ನು ನಿವಾಸಿಗಳಿಗೆ ಎಂದೋ ಬಿಟ್ಟುಕೊಟ್ಟಿದ್ದೇನೆ, ತೆರಿಗೆ ಅವರನ್ನೇ ಕೇಳಿ ಎಂದು ಬ್ರೋಷರ್ ಸಾಹೇಬರು ನಿಮಗೆ ಉತ್ತರ ಬರೆದಿದ್ದರಂತೆ. ಅದು ಹೌದೋ ಅಲ್ಲವೋ ನೋಡಲು ಬಂದದ್ದು. ಅದನ್ನು ಅವರು ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ಸರ್ಕಾರದವರು ಬಂದಿದ್ದಾರೆ ಎಂದ ಕೂಡಲೇ ನಮಗೆ ಬಹುಮಾನ ಕೊಡಲೇ ಬಂದಿರಬೇಕು ಅನ್ನಿಸಿಬಿಟ್ಟಿತು. ಕುರ್ಚಿ ಹಾಕಿ, ಚಹಾ ಕೊಟ್ಟೆವು. ಅವರು ಹಜಾರದ ತುಂಬ ಕಣ್ಣಾಡಿಸಿ, "ತುಂಬ ಚೆನ್ನಾಗಿ ಇಟ್ಟಿದೀರಲ್ರೀ. ಯಾರು ನೋಡ್ಕೋತಾರೆ ಇದನ್ನೆಲ್ಲ?" ಎಂದರು.

"ನಾವೇ ಸಾರ್!" ಎಂದರು ಮೇಷ್ಟ್ರು.

"ದಾಖಲೆ ಏನಾದ್ರೂ ಇದ್ಯಾ?"

ದಾಖಲೆ! ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತು ಎಂದರೆ, ಎರಡೂ ಸಂಪುಟಗಳನ್ನು ಎದೆಗೊತ್ತಿಕೊಂಡು ತಂದು ಅವರ ಮುಂದೆ ಇಟ್ಟೆ. ಇಡುವ ಮುನ್ನ ರಟ್ಟಿನ ಮೇಲಿನ ಧೂಳನ್ನು ನನ್ನ ಅಂಗಿಯ ತೋಳಿನಿಂದ ಒರೆಸಿದೆ. ಅವರು ಪುಟ ತಿರುಗಿಸುತ್ತ ಹೋದ ಹಾಗೆ ಅವರ ಮುಖ ಅರಳುತ್ತ ಹೋಯಿತು. "ಇದನ್ನ ನಾನು ತಗೊಂಡು ಹೋಗ್ಬಹುದಾ?" ಎಂದು ಕೇಳಿದರು. ಹೊಲಿಗೆ ಮೆಚ್ಚಿಕೊಂಡಿದ್ದಾರೆ ಅಂದುಕೊಂಡೆ. ಹಾಳೆ ಮಡಿಸಬೇಡಿ ಎಂದು ಹೇಳಿ, ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಕೈಗೆ ಕೊಟ್ಟೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ದೊಡ್ಡ ದಡ್ಡತನ ಅದು. ಇದನ್ನು ನೆನೆದಾಗಲೆಲ್ಲ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ಪಕ್ಕದ ಬಡಾವಣೆಯನ್ನು ಕಟ್ಟಿದವರೂ ಇದೇ ಸಾಹೇಬರು. ಅಲ್ಲಿಯ ಭವನಕ್ಕೂ ತೆರಿಗೆ ಕಟ್ಟಿಲ್ಲ, ಅಲ್ಲಿಯವರು ಪೊರಕೆಯನ್ನೂ ಮುಟ್ಟಿಲ್ಲ. ಸೂರು ಸೋರುತ್ತದೆ, ಬಾಗಿಲು ಗೆದ್ದಲು ತಿಂದಿದೆ, ಒಳಗೆ ಬೀದಿ ಬೆಕ್ಕುಗಳು ನಾಲ್ಕು ತಲೆಮಾರಿನಿಂದ ಸುಖವಾಗಿವೆ. ಅವರಿಗೆ ನಿಮ್ಮಿಂದ ಒಂದು ನೋಟಿಸೂ ಹೋಗಿಲ್ಲ, ಏಕೆಂದರೆ ಆ ಭವನ ಯಾರ ಸ್ವಾಧೀನದಲ್ಲೂ ಇಲ್ಲವಂತೆ. ಮಾನ್ಯರೇ, ನಾಗರಿಕರ ಕರ್ತವ್ಯ ಎಂಬ ವಿಷಯದ ಮೇಲೆ ಶಾಲೆಗಳಲ್ಲಿ ಭಾಷಣ ಮಾಡಲು ನಿಮ್ಮನ್ನು ಕರೆಯುತ್ತಾರೆಯೇ? ಕರೆದರೆ ಆ ಬೆಕ್ಕುಗಳ ಉದಾಹರಣೆಯನ್ನು ದಯವಿಟ್ಟು ಕೊಡಿ.

ಇನ್ನು ವಿಚಾರಣೆ. ಎರಡು ಸಲ ಕರೆದಿರಿ, ಎರಡು ಸಲವೂ ಬಂದೆವು. ನಾನು ಕಟ್ಟಿದ ಪುಸ್ತಕ ನಿಮ್ಮ ಮೇಜಿನ ಮೇಲಿತ್ತು. ಅದರ ಕೆಂಪು ರಟ್ಟಿನ ಮೇಲೆ ಯಾರೋ ಒಂದು ಚೀಟಿ ಅಂಟಿಸಿ ದಾಖಲೆ ಸಂಖ್ಯೆ ಬರೆದಿದ್ದರು, ಅದೂ ಸೊಟ್ಟಗೆ. ನೀವು ನಡುವೆ ಒಂದು ಪುಟ ತೆರೆದು ಗಟ್ಟಿಯಾಗಿ ಓದಿದಿರಿ: "'ನಲ್ಲಿಯ ವಾಷರ್ ಬದಲಾಯಿಸಿದೆ.' ನೋಡಿ, ತಮ್ಮದಲ್ಲದ ನಲ್ಲಿಗೆ ಯಾರಾದ್ರೂ ಕೈಯಿಂದ ದುಡ್ಡು ಹಾಕಿ ವಾಷರ್ ಹಾಕಿಸ್ತಾರೇನ್ರೀ?"

"ಹನಿ ಹನಿ ಸೋರ್ತಾ ಇತ್ತು ಸಾರ್" ಎಂದರು ಮೇಷ್ಟ್ರು.

"ಸೋರಲಿ ಅಂತ ಬಿಡಬೇಕಿತ್ತು" ಎಂದಿರಿ ನೀವು.

ಬಿಲ್ಡರನ ವಕೀಲರು ನಕ್ಕರು. ನಿಮಗೂ ನಗು ಬಂತು. ಮೂವತ್ತಾರು ವರ್ಷ ಮಕ್ಕಳಿಗೆ ನದಿಗಳ ಪಾಠ ಹೇಳಿದ ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡುವುದೂ ಬೇಡ. ಆಮೇಲೆ ನೀವು ಇನ್ನೂ ಒಂದು ಪುಟ ಓದಿದಿರಿ: "ಮೊಗಸಾಲೆಯ ಕಂಬಿಗೆ ಅಗಸೆ ಎಣ್ಣೆ ಹಚ್ಚಿ ಉಜ್ಜಿದೆ. ಈಗ ಕೈ ಜಾರದು, ಚುಚ್ಚದು." ಸ್ವಾಧೀನಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದಿರಿ. ಆ ಕೈಬರಹ ನನ್ನ ಹೆಂಡತಿಯದು. ಅದು ಯಾರದು ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಆ ಸಾಲು ಬರೆದ ಎರಡು ವರ್ಷಕ್ಕೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು. ಬೆಳಿಗ್ಗೆ ಹಾಳೆ ಹೊಲಿಯುತ್ತ ಕೂತವಳ ಕೈಯಿಂದ ಸೂಜಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ಬರತೊಡಗಿದಳು, ಫಿಸಿಯೋಥೆರಪಿ ಓದಿದವಳು, ಬಹಳ ಕಟ್ಟುನಿಟ್ಟು. ನಮ್ಮ ಮನೆಯಲ್ಲಿ ನಡೆಸಲು ಜಾಗವಿಲ್ಲ. ಇರುವ ದೊಡ್ಡ ಕೋಣೆಯೇ ಅಂಗಡಿ; ಅದರಲ್ಲಿ ಪುಸ್ತಕ ಒತ್ತುವ ಪ್ರೆಸ್ಸು, ರಟ್ಟು ಕತ್ತರಿಸುವ ಯಂತ್ರ, ಕಾಗದದ ಕಟ್ಟುಗಳು. ಬೀದಿಯಲ್ಲಿ ನಡೆಸೋಣವೆಂದರೆ ಕಾಲುದಾರಿ ಇನ್ನೂ ಬ್ರೋಷರಿನಲ್ಲೇ ಇದೆ. ಆ ಹುಡುಗಿ ಭವನದ ಮೊಗಸಾಲೆ ನೋಡಿ, "ಅಜ್ಜಿ, ನಿಮಗೋಸ್ಕರಾನೇ ಕಟ್ಟಿಸಿದ ಹಾಗಿದೆಯಲ್ಲ!" ಎಂದಳು. ತಾನೇ ಎಣ್ಣೆ ಹಚ್ಚಿ ಉಜ್ಜಿದ ಕಂಬಿಯನ್ನು ನನ್ನ ಹೆಂಡತಿ ಎಡಗೈಯಲ್ಲಿ ಹಿಡಿದಳು. ಮೊದಲ ದಿನ ನಾಲ್ಕು ಹೆಜ್ಜೆ. ತಿಂಗಳ ಕೊನೆಗೆ ಹನ್ನೆರಡು. ಮೂರನೇ ತಿಂಗಳಲ್ಲಿ ಒಂದು ದಿನ ಈ ತುದಿಯಿಂದ ಆ ತುದಿಗೆ ಮೂವತ್ತೊಂದು ಹೆಜ್ಜೆ ನಡೆದು, ತಿರುಗಿ ನನ್ನನ್ನು ನೋಡಿ, "ಏನ್ರೀ ಹಾಗೆ ನಿಂತಿದೀರಿ, ಚಪ್ಪಾಳೆ ಹೊಡೀರಿ" ಎಂದಳು. ಹೊಡೆದೆ. ಅತ್ತೂಬಿಟ್ಟೆ.

ಅದಾಗಿ ಐದನೇ ದಿನಕ್ಕೆ ನಿಮ್ಮ ಮೂವರು ನೌಕರರು ಅರಗು, ದಾರ, ಮೇಣದಬತ್ತಿ ಹಿಡಿದು ಬಂದರು. ಕೆಲಸ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ನಿಮ್ಮ ಕಚೇರಿಯಲ್ಲಿ ಅಷ್ಟು ಬೇಗ ಮುಗಿಯುವ ಕೆಲಸವೂ ಇದೆ ಎಂದು ಅವತ್ತೇ ಗೊತ್ತಾದದ್ದು. ಅವಳು ನನ್ನ ಹೆಗಲು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. "ಒಳಗೆ ನನ್ನ ಕೋಲು ಇದೆಯಪ್ಪ" ಎಂದಳು. ನಾಲ್ಕು ಕಾಲಿನ ಊರುಗೋಲು. ವ್ಯಾಯಾಮ ಮುಗಿದ ಮೇಲೆ ಅಲ್ಲೇ ಮೂಲೆಯಲ್ಲಿ ಇಡುತ್ತಿದ್ದೆವು.

"ಚಿಂತೆ ಮಾಡ್ಬೇಡಿ ಅಜ್ಜಿ, ಪಟ್ಟೀಲಿ ಸೇರಿಸಿದೀವಿ" ಎಂದರು ನಿಮ್ಮವರು.

ಹೌದು, ಸೇರಿಸಿದ್ದರು. ಜಪ್ತಿ ಪಟ್ಟಿಯ ಪ್ರತಿ ನನ್ನ ಬಳಿ ಇದೆ. ಕುರ್ಚಿ ನಲವತ್ತು, ಫ್ಯಾನ್ ಆರು, ಪೊರಕೆ ಮೂರು, ಊರುಗೋಲು ನಾಲ್ಕು ಕಾಲಿನದು ಒಂದು. ತೆರಿಗೆ ಬಾಕಿದಾರನಾದ ಬಿಲ್ಡರನ ಚರಾಸ್ತಿ! ಇಡೀ ನಗರದ ತುಂಬ ಕಟ್ಟಡ ಎಬ್ಬಿಸಿದ ಮನುಷ್ಯನಿಂದ ನೀವು ಕೊನೆಗೂ ಏನನ್ನೋ ಕಿತ್ತುಕೊಂಡಿರಿ ಎಂದು ಸಮಾಧಾನಪಡಬೇಕೋ, ಅದು ನನ್ನ ಹೆಂಡತಿಯ ಕೋಲು ಎಂದು ಅಳಬೇಕೋ ತಿಳಿಯಲಿಲ್ಲ.

ಕೋಲು ಬಿಡಿಸಿಕೊಳ್ಳಲು ನಿಮ್ಮಲ್ಲಿ ಅರ್ಜಿ ಹಾಕಿದೆ. ಅದು ತನ್ನದಲ್ಲ ಎಂದು ಬಿಲ್ಡರ್ ಬರೆದುಕೊಡಬೇಕು ಎಂದಿರಿ. ಬ್ರೋಷರ್ ಸಾಹೇಬರ ಕಚೇರಿಗೆ ಹೋದೆ. ಎರಡನೇ ಹಂತದ ಮನೆಗಳನ್ನು ಮಾರಲು ಹೊಸ ಬ್ರೋಷರ್ ಬಂದಿದೆ. ಅದರ ಮೂರನೇ ಪುಟದಲ್ಲಿ ನಮ್ಮ ಭವನದ ಚಿತ್ರ, ಬಾಗಿಲು ಹಾರುಹೊಡೆದಂತೆ ತೆರೆದುಕೊಂಡಿದೆ. ಅವರ ಮ್ಯಾನೇಜರು ನನ್ನನ್ನು ಬಹಳ ಮರ್ಯಾದೆಯಿಂದ ಕೂರಿಸಿದರು. "ಕೋಲು ನಮ್ಮದಲ್ಲ ಅಂತ ಈಗಲೇ ಬರೆದುಕೊಡ್ತೀವಿ ಸಾರ್. ನೀವು ಇದಕ್ಕೊಂದು ಸಹಿ ಹಾಕಿ ಸಾಕು" ಎಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. ಭವನ ಮತ್ತು ಅದರೊಳಗಿನ ಸಮಸ್ತ ವಸ್ತುಗಳು ಹತ್ತು ವರ್ಷದಿಂದ ನಿವಾಸಿಗಳಿಗೇ ಸೇರಿವೆ ಎಂದು ನಾನು ಒಪ್ಪಿಕೊಳ್ಳುವ ಹಾಳೆ ಅದು. ಸಹಿ ಹಾಕಿದರೆ ಕೋಲು ನನಗೆ, ಬಾಕಿ ತೆರಿಗೆ ಎಂಬತ್ತನಾಲ್ಕು ಮನೆಗೆ.

ಆ ಹಾಳೆಯನ್ನು ಮನೆಗೆ ತಂದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಎರಡು ದಿನ ಅದನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ನಮ್ಮ ಮೇಲಿನ ಮನೆಯಲ್ಲಿ ಒಬ್ಬಳೇ ದುಡಿದು ಅಮ್ಮನನ್ನು ಸಾಕುವ ದರ್ಜಿ ಹೆಂಗಸಿದ್ದಾಳೆ, ಎದುರು ಮನೆಯಲ್ಲಿ ಕೆಲಸ ಹೋದ ಬಸ್ ಡ್ರೈವರ್ ಇದ್ದಾನೆ. ಇದೆಲ್ಲ ಗೊತ್ತಿದ್ದೂ ಪೆನ್ನಿನ ಮುಚ್ಚಳ ತೆಗೆದೆ. ನನ್ನ ಹೆಂಡತಿ ಮಂಚದ ಮೇಲಿಂದ ನೋಡುತ್ತಿದ್ದಳು. "ಬೇಡ ರೀ" ಎಂದಳು. "ನನ್ನ ಕಾಲಿಗೋಸ್ಕರ ಅವರ ಹೊಟ್ಟೆ ಮೇಲೆ ಹೊಡೀಬೇಡಿ. ಬೇರೆ ಕೋಲು ತಂದ್ರಾಯ್ತು." ತಂದೆ. ಕೋಲು ಎಲ್ಲಾದರೂ ಸಿಗುತ್ತದೆ. ಮೂವತ್ತೊಂದು ಹೆಜ್ಜೆಯ ಗೋಡೆ, ಅದರಲ್ಲಿ ನಂಬಿ ಹಿಡಿಯುವ ಕಂಬಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಈಗ ಅವಳು ಮಂಚದಿಂದ ಪ್ರೆಸ್ಸಿನವರೆಗೆ, ಪ್ರೆಸ್ಸಿನಿಂದ ಕಿಟಕಿಯವರೆಗೆ ನಡೆಯುತ್ತಾಳೆ. ಒಟ್ಟು ಒಂಬತ್ತು ಹೆಜ್ಜೆ. ಹೋದ ವಾರ ಏಳಕ್ಕೇ ನಿಂತಳು. ಆ ಹುಡುಗಿ ನನ್ನನ್ನು ಹೊರಗೆ ಕರೆದು, "ತಾತ, ಈ ವರ್ಷದಲ್ಲಿ ಎಷ್ಟು ವಾಪಸ್ ಬರುತ್ತೋ ಅಷ್ಟೇ. ಈಗ ಬಿಟ್ಟರೆ ಕಾಲು ನಡೆಯೋದನ್ನೇ ಮರೆತುಬಿಡುತ್ತೆ" ಎಂದಳು. ನಿಮ್ಮ ಮುಂದಿನ ವಾಯಿದೆ ಏಳು ತಿಂಗಳ ನಂತರ. ಕಡತ ಕಾಯುತ್ತದೆ, ಅದಕ್ಕೆ ಕಾಲಿಲ್ಲ. ನನಗೆ ಭಯವಾಗುತ್ತಿದೆ, ಮಾನ್ಯರೇ. ವ್ಯಂಗ್ಯ ಮಾಡುವವನು ಹೀಗೆ ಹೇಳಬಾರದು ಎಂದು ಗೊತ್ತು. ಆದರೂ ಭಯವಾಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಭವನ ನಮ್ಮದು ಎನ್ನುವುದಾದರೆ ಇವತ್ತೇ ಮುದ್ರೆ ಒಡೆಯಿರಿ. ತೆರಿಗೆ ಎಷ್ಟು, ಹೇಗೆ ಎಂದು ಆಮೇಲೆ ಕೂತು ಜಗಳವಾಡೋಣ, ಅದಕ್ಕೆ ನಾವು ಹಿಂಜರಿಯುವುದಿಲ್ಲ. ಬಿಲ್ಡರನದು ಎನ್ನುವುದಾದರೆ ನಮ್ಮ ಎಂಬತ್ತನಾಲ್ಕು ನೋಟಿಸುಗಳನ್ನು ಹಿಂದಕ್ಕೆ ತೆಗೆದುಕೊಂಡು, ಎರಡನೇ ಹಂತದ ಮನೆಗಳನ್ನು ಮಾರುತ್ತಿರುವ ಅವರ ಹೊಳೆಯುವ ಕಚೇರಿಗೆ ಬೀಗ ಹಾಕಿ; ಅಲ್ಲಿ ಜಪ್ತಿ ಮಾಡಲು ಕೋಲಿಗಿಂತ ಬೆಲೆಬಾಳುವ ವಸ್ತುಗಳಿವೆ, ನಾನೇ ಕಣ್ಣಾರೆ ನೋಡಿ ಬಂದಿದ್ದೇನೆ. ಯಾರದೆಂದು ತೀರ್ಮಾನಿಸಲು ನಿಮಗೆ ಇನ್ನೂ ಏಳು ತಿಂಗಳು ಬೇಕೇ ಬೇಕು ಎಂದಾದರೆ, ಮೊಗಸಾಲೆಯ ಪಕ್ಕದ ಬಾಗಿಲೊಂದನ್ನು ದಿನಕ್ಕೆ ಒಂದು ಗಂಟೆ ತೆರೆಸಿ. ನಿಮ್ಮ ನೌಕರರೊಬ್ಬರು ಪಕ್ಕದಲ್ಲೇ ಕೂತಿರಲಿ. ನಾವು ಅಲ್ಲಿ ನಡೆಯುತ್ತೇವೆ ಅಷ್ಟೇ. ಏನನ್ನೂ ಗುಡಿಸುವುದಿಲ್ಲ, ಯಾವ ನಲ್ಲಿಯನ್ನೂ ಮುಟ್ಟುವುದಿಲ್ಲ. ಬೇಕಾದರೆ ಮುಚ್ಚಳಿಕೆ ಬರೆದುಕೊಡುತ್ತೇನೆ.

ಭಾನುವಾರದೊಳಗೆ ಉತ್ತರ ಬಾರದಿದ್ದರೆ ನಾನು ಬೇರೆ ಏರ್ಪಾಡು ಮಾಡಿಕೊಂಡಿದ್ದೇನೆ. ಗಾಬರಿಯಾಗಬೇಡಿ, ಅರಗು ಒಡೆಯುವುದಿಲ್ಲ, ಧರಣಿ ಕೂರುವುದಿಲ್ಲ. ವಿಚಾರಣೆಗೆ ಬಂದ ಎರಡು ದಿನವೂ ನಮ್ಮನ್ನು ಹೊರಗೆ ಮೂರು ಮೂರು ಗಂಟೆ ಕಾಯಿಸಿದಿರಲ್ಲ, ಆಗ ಮಾಡಲು ಕೆಲಸವಿಲ್ಲದೆ ನಿಮ್ಮ ಕಚೇರಿಯ ಓಣಿಯನ್ನು ಹೆಜ್ಜೆಯಲ್ಲಿ ಅಳೆದೆ. ನೆಲಮಹಡಿ, ಮೆಟ್ಟಿಲಿಲ್ಲ, ನೆಲ ಸಮತಟ್ಟು. ಮುಂಬಾಗಿಲಿನಿಂದ ನಿಮ್ಮ ಕೋಣೆಯ ಆಚೆಯವರೆಗೆ ಗೋಡೆಗುಂಟ ಒಳ್ಳೆಯ ಉಕ್ಕಿನ ಕಂಬಿ ಇದೆ. ಅವಳ ಹೆಜ್ಜೆಯಲ್ಲಿ ನಲವತ್ತು ಆಗಬಹುದು. ಸಾರ್ವಜನಿಕರಿಗೆ ಬೆಳಿಗ್ಗೆ ಹತ್ತರಿಂದ ಪ್ರವೇಶ ಎಂದು ಬೋರ್ಡು ನೀವೇ ಹಾಕಿದ್ದೀರಿ. ಸೋಮವಾರದಿಂದ ಪ್ರತಿದಿನ ಹತ್ತಕ್ಕೆ ನನ್ನ ಹೆಂಡತಿ ಅಲ್ಲಿ ನಡೆಯುತ್ತಾಳೆ. ಕಂಬಿಗೆ ಒರಗಿಸಿಟ್ಟಿರುವ ಹಳೆಯ ಕಡತದ ಗಂಟುಗಳನ್ನು ಅಷ್ಟರೊಳಗೆ ತೆಗೆಸಿ. ನಾವೇ ತೆಗೆದು ಧೂಳು ಒರೆಸುತ್ತಿದ್ದೆವು, ಆದರೆ ಒರೆಸಿದರೆ ನಿಮ್ಮ ಕಚೇರಿ ಕಟ್ಟಡದ ತೆರಿಗೆಯೂ ನಮ್ಮ ತಲೆಗೆ ಬರುತ್ತದೆ ಎಂಬ ಹೆದರಿಕೆ.

ಇಪ್ಪತ್ತನೇ ಹೆಜ್ಜೆಯ ಹೊತ್ತಿಗೆ ಅವಳು ಸರಿಯಾಗಿ ನಿಮ್ಮ ಬಾಗಿಲ ಮುಂದೆ ಇರುತ್ತಾಳೆ. ಅಲ್ಲಿ ಉಸಿರಿಗಾಗಿ ಸ್ವಲ್ಪ ನಿಲ್ಲಬೇಕಾಗುತ್ತದೆ. ನೀವು ಏಳಬೇಕಾಗಿಲ್ಲ, ಮಾತಾಡಿಸಬೇಕಾಗಿಯೂ ಇಲ್ಲ. ಬಾಗಿಲು ಮಾತ್ರ ಹಾಕಿಕೊಳ್ಳಬೇಡಿ.

ಇಂತಿ,
ನಿಮ್ಮ ಒಂದು ಕಾಗದದಲ್ಲಿ ಸ್ವಾಧೀನದಾರ, ಇನ್ನೊಂದರಲ್ಲಿ ಅನ್ಯ ವ್ಯಕ್ತಿ,
ಎರಡರಲ್ಲೂ ಅವಳ ಗಂಡನೆಂದು ಎಲ್ಲೂ ನಮೂದಾಗದ
ಒಬ್ಬ ಬುಕ್ ಬೈಂಡರ್